ಇನ್ನೂ ನೋಡದ ಊರುಗಳು: ನಮ್ಮ ಮನೆಗೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ ನಮ್ಮ ತೋಟ. ಜೊತೆಗೆ ಮೂರು ಕೋಣೆಯ ಹೋಂಸ್ಟೇ. ಬಂದವರು ಬೆಳಿಗ್ಗೆ ಬೆಲ್ಲದ ಕಾಫಿ ಹಿಡಿದುಕೊಂಡು ಜಗಲಿಯಲ್ಲಿ ಕೂರುತ್ತಾರೆ, ಹತ್ತು ನಿಮಿಷ ಮಂಜು ನೋಡುತ್ತಾರೆ, ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ನೀವು ರಜೆಗೆ ಎಲ್ಲಿಗೆ ಹೋಗ್ತೀರಾ?" ಅನ್ನುತ್ತಾರೆ. ನಾನು ಹೇಳಲು ಶುರು ಮಾಡಿದರೆ ಒಲೆ ಮೇಲಿನ ಅಕ್ಕಿ ರೊಟ್ಟಿ ಸೀದುಹೋಗುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಕೊಡಗಿನಲ್ಲೇ ಇದ್ದೀರಿ. ನಿಮಗೆ ಬೇರೆ ಕಡೆ ಹೋಗೋ ಆಸೆ ಯಾಕೆ?

ಮಿಠಾಯಿ ಅಂಗಡಿಯವನಿಗೆ ಮೆಣಸಿನಕಾಯಿ ಬಜ್ಜಿ ಯಾಕೆ ಬೇಕು ಅಂತ ಕೇಳಿದ ಹಾಗಾಯ್ತು. ನಿಮಗೆ ಮಂಜು ಅಂದರೆ ಫೋಟೋ, ನನಗೆ ಮಂಜು ಅಂದರೆ ಒಣಗದ ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಡುಗೆಮನೆಯ ಒಲೆ ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿರುತ್ತದೆ, ಅದರಲ್ಲಿ ಟವೆಲ್, ಸಾಕ್ಸು, ಎಲ್ಲಕ್ಕೂ ಹೊಗೆ ವಾಸನೆ. ನಮ್ಮೂರು ಚೆಂದ ಅಂತ ನನಗೂ ಗೊತ್ತು. ಆದರೆ ರಾಜಾಸೀಟಿನಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿ ಎಷ್ಟು ವರ್ಷ ಆಯ್ತೋ ನೆನಪಿಲ್ಲ. ಊರಿನವರು ಯಾರು ಹೋಗ್ತಾರೆ ಅಲ್ಲಿಗೆ?

ಪಟ್ಟಿ ನಿಜವಾಗಲೂ ಇದೆಯಾ, ಸುಮ್ನೆ ಹೇಳ್ತೀರಾ?

ಇದೆ. ತೋಟದವರ ಮನೆಯಲ್ಲಿ ಮಳೆ ಲೆಕ್ಕದ ಪುಸ್ತಕ ಅಂತ ಒಂದು ಇರುತ್ತದೆ. ಬೆಳಿಗ್ಗೆ ಎದ್ದು ಅಂಗಳದ ಮಳೆ ಅಳೆಯುವ ಡಬ್ಬದಿಂದ ನೀರನ್ನು ಗಾಜಿನ ಅಳತೆಗೆ ಸುರಿದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆಯುವುದು. ಪೇಪರಿನಲ್ಲೆಲ್ಲ ಮಿಲಿಮೀಟರ್ ಬಂದು ಎಷ್ಟೋ ಕಾಲ ಆಯ್ತು, ನಾವಿನ್ನೂ ಇಂಚು ಸೆಂಟ್ ಬಿಟ್ಟಿಲ್ಲ. ಆ ಪುಸ್ತಕದ ಕೊನೆಯ ಪುಟದಲ್ಲಿ ನನ್ನ ಊರುಗಳ ಪಟ್ಟಿ. ಪ್ರತಿ ವರ್ಷ ಹೊಸ ಪುಸ್ತಕ ಬಂದಾಗ ಹಳೆಯದರಿಂದ ನೋಡಿಕೊಂಡು ಮತ್ತೆ ಬರೆಯುತ್ತೇನೆ, ಆಗಲೇ ಒಂದೆರಡು ತಾನಾಗಿ ಉದುರುತ್ತವೆ. ಮದುವೆಯಾಗಿ ಬಂದ ವರ್ಷ ಹತ್ತೊಂಬತ್ತು ಇತ್ತು. ಹಂಪಿ, ಕಾಶಿ, ಅಜಂತಾ ನೋಡಿ ಹೊಡೆದುಹಾಕಿದೆ. ದುಬೈಯನ್ನು ನೋಡದೆಯೇ ಹೊಡೆದುಹಾಕಿದೆ, ಅಲ್ಲಿಗೆ ಹೋಗಿ ಬಂದ ನೆಂಟರ ಮೊಬೈಲಿನಲ್ಲಿ ಅಷ್ಟು ಸಲ ನೋಡಿಯಾಗಿತ್ತು. ಈಗ ಉಳಿದಿರುವುದು ಏಳು.

ಪಟ್ಟಿಯಲ್ಲಿ ಮೊದಲು ಯಾವುದು?

ಇಥಿಯೋಪಿಯಾ. ಎಲ್ಲರೂ ಇಲ್ಲಿ ಒಮ್ಮೆ ಹುಬ್ಬೇರಿಸುತ್ತಾರೆ.

ನೋಡಿ, ನಾನು ಬೆಳಿಗ್ಗೆ ಎದ್ದರೆ ಕಾಣುವುದು ಕಾಫಿ ಗಿಡ. ಮನೆ ಕಟ್ಟಿದ್ದು ಕಾಫಿಯಿಂದ, ಮಗಳು ಓದಿದ್ದು ಕಾಫಿಯಿಂದ, ಸಾಲ ಮಾಡಿದ್ದೂ ಕಾಫಿಯಿಂದಲೇ. ಅರೇಬಿಕಾ ಗಿಡದ ತವರು ಇಥಿಯೋಪಿಯಾದ ನೈಋತ್ಯ ಭಾಗದ ಕಾಡು. ಅಲ್ಲಿ ಕಾಫಾ ಅಂತ ಒಂದು ಸೀಮೆ ಇದೆ, ಅದರ ಕಾಡನ್ನು 2010ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ ಅಂತ ಗುರುತಿಸಿತು. ಯಾರೂ ನೆಡದ, ಯಾರೂ ಕಸಿ ಮಾಡದ, ಗೊಬ್ಬರ ಕಾಣದ ಕಾಫಿ ಗಿಡಗಳು ದೊಡ್ಡ ಮರಗಳ ಕೆಳಗೆ ಅಲ್ಲಿ ತಾವಾಗಿ ಬೆಳೆಯುತ್ತವೆ. ನಾವಿಲ್ಲಿ ಕಾಂಡಕೊರಕ ಹುಳ ಬಂದರೆ ಗಿಡವನ್ನೇ ಕಿತ್ತು ಸುಡುತ್ತೇವೆ, ಎಲೆ ತುಕ್ಕಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅಲ್ಲಿ ಯಾರು ನೋಡಿಕೊಳ್ಳುತ್ತಾರೆ ಅಂತ ನನಗೆ ಕಣ್ಣಾರೆ ನೋಡಬೇಕು. ಸೊಸೆ ತವರಿಗೆ ಹೋದಾಗ ಹೇಗಿರ್ತಾಳೆ ಅಂತ ಅತ್ತೆ ಒಮ್ಮೆ ಹೋಗಿ ನೋಡಬಾರದಾ?

ಇನ್ನೊಂದು ಆಸೆ ಅವರು ಕಾಫಿ ಕುಡಿಯುವ ಕ್ರಮ. ಮನೆಗೆ ಬಂದವರ ಎದುರಿಗೇ ಹಸಿ ಬೀಜ ತೊಳೆದು, ಕೆಂಡದ ಮೇಲೆ ಬಾಣಲೆ ಇಟ್ಟು ಹುರಿಯುತ್ತಾರೆ. ಹೊಗೆಯಾಡುವ ಬಾಣಲೆಯನ್ನು ಎಲ್ಲರ ಮೂಗಿನ ಹತ್ತಿರ ತರುತ್ತಾರೆ, ನೀವು ವಾಸನೆ ಎಳೆದುಕೊಂಡು ಚೆನ್ನಾಗಿದೆ ಅನ್ನಬೇಕು. ಆಮೇಲೆ ಕುಟ್ಟಿ, ಜೆಬೆನಾ ಅನ್ನುವ ಉದ್ದ ಕುತ್ತಿಗೆಯ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿ ಇಲ್ಲದ ಸಣ್ಣ ಬಟ್ಟಲಿಗೆ ಎತ್ತರದಿಂದ ಸುರಿಯುತ್ತಾರೆ. ಮೂರು ಸುತ್ತು ಕುಡಿಯಬೇಕು. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ. ಮೂರನೆಯದು ಕುಡಿಯದೆ ಎದ್ದರೆ ಆಶೀರ್ವಾದ ಬಿಟ್ಟು ಹೋದ ಹಾಗೆ ಅಂತೆ. ಇಷ್ಟಕ್ಕೆ ಒಂದೆರಡು ಗಂಟೆ ಹಿಡಿಯುತ್ತದೆ. ಇಲ್ಲಿ ನಾನು ಫಿಲ್ಟರಿಗೆ ಬಿಸಿನೀರು ಹಾಕಿ ಎರಡು ನಿಮಿಷಕ್ಕೆ, "ಇಳೀತಾ ಆಂಟಿ?" ಅಂತ ಕೇಳುವವರು ಇದ್ದಾರೆ.

ಹಾಗಾದ್ರೆ ಇನ್ನೂ ಯಾಕೆ ಹೋಗಿಲ್ಲ?

ಅಲ್ಲಿ ಹಣ್ಣು ಕೆಂಪಾಗುವ ಹೊತ್ತಿಗೆ ಇಲ್ಲೂ ಕೆಂಪಾಗುತ್ತದೆ. ಅಷ್ಟೇ ಕಾರಣ. ಅಲ್ಲಿ ಕುಯ್ಲು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಶುರು, ನಮ್ಮ ಅರೇಬಿಕಾ ನವೆಂಬರ್‌ನಿಂದ. ಆಳು ಸಿಗುವುದೇ ಕಷ್ಟದ ಕಾಲದಲ್ಲಿ, ಸಿಕ್ಕ ಆಳನ್ನು ತೋಟದಲ್ಲಿ ಬಿಟ್ಟು, ಕಣದಲ್ಲಿ ಕಾಫಿ ಹರಡಿಟ್ಟು, ಬೇರೆಯವರ ಕಾಫಿ ನೋಡಲು ಆಫ್ರಿಕಾಕ್ಕೆ ಹೋದೆ ಅಂದರೆ ನಮ್ಮೆಜಮಾನರು ಏನೂ ಅನ್ನುವುದಿಲ್ಲ, ಆದರೆ ಊರು ಅನ್ನುತ್ತದೆ.

ಮೋಖಾ ಇಲ್ವಾ ಪಟ್ಟಿಯಲ್ಲಿ?

ಇದೆ, ಎರಡನೇದು. ಬಾಬಾ ಬುಡನ್ ಹಜ್ ಯಾತ್ರೆಯಿಂದ ಬರುವಾಗ ಏಳು ಕಾಫಿ ಬೀಜ ಬಚ್ಚಿಟ್ಟು ತಂದು ಚಂದ್ರಗಿರಿಯಲ್ಲಿ ಬಿತ್ತಿದರು ಅನ್ನುವ ಕತೆ ನಿಮಗೂ ಗೊತ್ತು. ಆ ಬೀಜ ಬಂದ ಯೆಮೆನ್ ದೇಶದ ಹಳೇ ಬಂದರು ಮೋಖಾ. ಈಗ ಅಲ್ಲಿ ಯುದ್ಧದ ಸ್ಥಿತಿ, ಹೋಗುವ ಮಾತೇ ಇಲ್ಲ. ಪಟ್ಟಿಯಿಂದ ಹೊಡೆದುಹಾಕಲೂ ಮನಸ್ಸು ಬರುವುದಿಲ್ಲ.

ಕೊಡಗಿನ ಮಳೆ ಸಾಲದು ಅಂತ ಮೇಘಾಲಯಕ್ಕೆ ಹೋಗ್ಬೇಕಾ?

ಇದನ್ನು ಕೇಳುವವರು ನಮ್ಮ ಮನೆಯವರೇ. ಹೌದು, ಹೋಗಬೇಕು. ಭಾಗಮಂಡಲದಲ್ಲಿ ರಸ್ತೆ ಮುಳುಗುವ ಮಳೆ ನೋಡಿಕೊಂಡೇ ಬೆಳೆದವಳು ನಾನು. ಆದರೆ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,870 ಮಿಲಿಮೀಟರ್. ನಮ್ಮ ಲೆಕ್ಕದಲ್ಲಿ 467 ಇಂಚು! ನಮ್ಮ ಪುಸ್ತಕದಲ್ಲಿ ಆ ಸಂಖ್ಯೆ ಬರೆಯಲು ಅಂಕಣದಲ್ಲಿ ಜಾಗವೇ ಸಾಲದು.

ಅಲ್ಲಿನ ಖಾಸಿ ಜನ ಹೊಲದಲ್ಲಿ ಕೆಲಸ ಮಾಡುವಾಗ ಬಿದಿರು ಮತ್ತು ಎಲೆಯಲ್ಲಿ ಹೆಣೆದ ಒಂದು ಚಿಪ್ಪನ್ನು ತಲೆಯಿಂದ ಸೊಂಟದವರೆಗೆ ಹೊದ್ದುಕೊಳ್ಳುತ್ತಾರೆ, ಅದಕ್ಕೆ ಕ್ನುಪ್ ಅನ್ನುತ್ತಾರೆ. ಫೋಟೋ ನೋಡಿ ನಾನು ದಂಗಾದೆ. ನಮ್ಮ ಕಡೆ ನಾಟಿ ಗದ್ದೆಯಲ್ಲಿ ಹೆಂಗಸರು ಹಾಕಿಕೊಳ್ಳುತ್ತಿದ್ದ ಗೊರಬು ಅದೇ! ಇಲ್ಲಿ ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬು ಅಟ್ಟ ಸೇರಿತು, ನಮ್ಮ ಅತ್ತೆಯವರದು ಒಂದು ಇನ್ನೂ ಇದೆ, ಒಂದು ಮೂಲೆ ಇಲಿ ತಿಂದಿದೆ.

ಬೇರಿನ ಸೇತುವೆಗಳೂ ಅಲ್ಲೇ. ಹೊಳೆಯ ಈ ದಡದ ರಬ್ಬರ್ ಆಲದ ಮರದ ಬೇರನ್ನು ಆ ದಡಕ್ಕೆ ದಾರಿ ತೋರಿಸಿ ಎಳೆದು, ಅದು ಗಟ್ಟಿಯಾಗುವವರೆಗೆ ಹದಿನೈದು ಇಪ್ಪತ್ತು ವರ್ಷ, ಕೆಲವು ಸಲ ಇನ್ನೂ ಜಾಸ್ತಿ ಕಾಯುತ್ತಾರೆ. ಕಟ್ಟಿದವನೇ ದಾಟುತ್ತೇನೆ ಅಂತ ನಂಬಿಕೆ ಇಲ್ಲದ ಕೆಲಸ. ನೊಂಗ್ರಿಯಾಟ್ ಊರಿನ ಎರಡಂತಸ್ತಿನ ಸೇತುವೆ ನೋಡಬೇಕಾದರೆ ಮೂರು ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಇಳಿಯಬೇಕು, ಇಳಿದ ಮೇಲೆ ಹತ್ತಲೂ ಬೇಕು. ನನ್ನ ಮಂಡಿ ಇನ್ನು ಐದು ವರ್ಷ ತಡೆದೀತು, ಆದ್ದರಿಂದ ಇದಕ್ಕೆ ಅವಸರ ಇದೆ.

ರೈಲಿನ ಆಸೆ ಯಾವುದು?

ಕೊಡಗಿನಲ್ಲಿ ರೈಲು ಹಳಿ ಇಲ್ಲ. ನಾನು ಮೊದಲ ಸಲ ರೈಲು ನೋಡಿದ್ದು ಮೈಸೂರಿನಲ್ಲಿ, ಹತ್ತನೇ ಕ್ಲಾಸು ಮುಗಿದ ಮೇಲೆ. ಅದಕ್ಕೋ ಏನೋ, ಪ್ರಪಂಚದ ಅತಿ ಉದ್ದದ ರೈಲು ದಾರಿಯೇ ಬೇಕು ಅಂತ ಹಟ. ಮಾಸ್ಕೋದಿಂದ ವ್ಲಾಡಿವೊಸ್ಟಾಕ್, 9,289 ಕಿಲೋಮೀಟರ್, ರೈಲಿನಲ್ಲೇ ಹೆಚ್ಚುಕಡಿಮೆ ಏಳು ದಿನ. ದಾರಿಯಲ್ಲಿ ಬೈಕಲ್ ಸರೋವರದ ದಂಡೆಯಲ್ಲೇ ಗಂಟೆಗಟ್ಟಲೆ ಹೋಗುತ್ತದೆ.

ಅದಾಗದಿದ್ದರೆ ನಮ್ಮದೇ ವಿವೇಕ್ ಎಕ್ಸ್‌ಪ್ರೆಸ್, ಅಸ್ಸಾಮಿನ ದಿಬ್ರುಗಢದಿಂದ ಕನ್ಯಾಕುಮಾರಿ. ನಾಲ್ಕು ಸಾವಿರ ಕಿಲೋಮೀಟರ್ ದಾಟುತ್ತದೆ, ಮೂರು ದಿನಕ್ಕಿಂತ ಜಾಸ್ತಿ. ಮೇಘಾಲಯದಿಂದ ಬರುವಾಗ ಇದರಲ್ಲೇ ಬಂದುಬಿಡೋಣ ಅಂದರೆ ಮಗಳು, "ಅಮ್ಮ, ಮೂರು ದಿನ ಆದ್ಮೇಲೆ ಆ ಬಾತ್‌ರೂಮ್ ಹೇಗಿರುತ್ತೆ ಗೊತ್ತಾ" ಅನ್ನುತ್ತಾಳೆ. ನಿಜವೇ.

ಕೈಲಾಸ ಮಾನಸ ಸರೋವರ?

ಇದು ನಮ್ಮೆಜಮಾನರು ನನ್ನ ಪಟ್ಟಿಯಲ್ಲಿ ತಮ್ಮ ಕೈಯಾರೆ ಬರೆದ ಒಂದೇ ಊರು. 2020ರಿಂದ ನಿಂತಿದ್ದ ಸರ್ಕಾರದ ಯಾತ್ರೆ 2025ರಲ್ಲಿ ಮತ್ತೆ ಶುರುವಾಯ್ತು, ಲಿಪುಲೇಖ್ ಮತ್ತು ನಾಥು ಲಾ ಎರಡೂ ದಾರಿಯಲ್ಲಿ. ವಯಸ್ಸು 70 ದಾಟಿರಬಾರದು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, 25 ದಾಟಿರಬಾರದು. ವಯಸ್ಸಿನಲ್ಲಿ ಅವರು ಪಾಸ್. ಎರಡನೆಯದಕ್ಕೆ ಪಂದಿ ಕರಿ ಮತ್ತು ಕಡುಬು ಅಡ್ಡ ಬರುತ್ತಿವೆ. ಪ್ರದಕ್ಷಿಣೆ ಸುಮಾರು 52 ಕಿಲೋಮೀಟರ್, ಮಧ್ಯೆ ದೋಲ್ಮಾ ಲಾ ಕಣಿವೆ 5,600 ಮೀಟರಿಗೂ ಎತ್ತರ. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ 1,748 ಮೀಟರ್. ಅಂದರೆ ಮೂರು ತಡಿಯಂಡಮೋಳ್ ಒಂದರ ಮೇಲೊಂದು ಇಟ್ಟರೂ ಸಾಲದು.

ಟಿಬೆಟ್ ಅಂದಾಗ ನನಗೆ ಬೇರೆಯದೇ ನೆನಪಾಗುತ್ತದೆ. ಕುಶಾಲನಗರ ದಾಟಿದರೆ ಬೈಲುಕುಪ್ಪೆ, ಟಿಬೆಟಿನವರು 1960ರ ದಶಕದ ಶುರುವಿನಿಂದ ಅಲ್ಲಿದ್ದಾರೆ. ಪ್ರತಿ ಚಳಿಗಾಲ ನಾನು ಸ್ವೆಟರ್ ತೆಗೆದುಕೊಳ್ಳುವ ಒಬ್ಬ ಹೆಂಗಸಿಗೆ ಒಮ್ಮೆ ಈ ಪಟ್ಟಿಯ ವಿಷಯ ಹೇಳಿದೆ. ಆಕೆ ಕನ್ನಡದಲ್ಲೇ, "ನಂದು ಒಂದೇ ಊರು ಅಕ್ಕ, ನಮ್ಮಮ್ಮಂದು" ಅಂದರು. ಸ್ವೆಟರಿಗೆ ಚೌಕಾಸಿ ಮಾಡದೆ ದುಡ್ಡು ಕೊಟ್ಟು ಬಂದೆ.

ಆಕಾಶದಲ್ಲಿ ಹಸಿರು ಬೆಳಕು ಕುಣಿಯುತ್ತಲ್ಲ, ಅದು ಬೇಡ್ವಾ?

ಬೇಕಿತ್ತು. ನಾರ್ವೆಯ ಟ್ರೊಮ್ಸೋ ಊರು ಆಗ ಪಟ್ಟಿಗೆ ಬಂದಿದ್ದೇ ಅದಕ್ಕೆ. ಆದರೆ ಆ ಬೆಳಕು ಕಾಣುವುದು ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ, ಅಂದರೆ ಸರಿಯಾಗಿ ನಮ್ಮ ಕೆಲಸದ ಕಾಲ. ಬೇಜಾರಾಗಿ ಹೊಡೆದುಹಾಕಲು ಹೊರಟವಳಿಗೆ ಇನ್ನೊಂದು ವಿಷಯ ಸಿಕ್ಕಿತು. ಅದೇ ಊರಿನಲ್ಲಿ ಮೇ ಕೊನೆಯಿಂದ ಜುಲೈ ಮೂರನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ರಾತ್ರಿ ಹನ್ನೆರಡಕ್ಕೂ ಬಿಸಿಲು! ಇಲ್ಲಿ ಜುಲೈನಲ್ಲಿ ಸೂರ್ಯನ ಮುಖ ಕಾಣದೆ ಗೋಡೆಗೆಲ್ಲ ಬೂಷ್ಟು ಹಿಡಿದಿರುವಾಗ, ಇಪ್ಪತ್ತನಾಲ್ಕು ಗಂಟೆ ಬಿಸಿಲಿರುವ ಊರು ಅಂದರೆ ಯೋಚನೆ ಮಾಡಿ. ಒಂದು ಸೂಟ್‌ಕೇಸ್ ತುಂಬ ಒದ್ದೆ ಬಟ್ಟೆ ತೆಗೆದುಕೊಂಡು ಹೋಗ್ತೀನಿ ಅಂತ ಹೇಳಿಟ್ಟಿದ್ದೇನೆ.

ಹಾಗಂತ ಬಣ್ಣದ ಬೆಳಕಿನ ಆಸೆ ಪೂರ್ತಿ ಬಿಟ್ಟಿಲ್ಲ. 2024ರ ಮೇ ತಿಂಗಳಲ್ಲಿ ದೊಡ್ಡ ಸೌರ ಬಿರುಗಾಳಿ ಬಂದಾಗ ಲಡಾಖಿನ ಹಾನ್ಲೆಯಲ್ಲೂ ಆಕಾಶ ಕೆಂಪಾಗಿತ್ತು. ದಿನಾ ಆಗುವಂಥದ್ದಲ್ಲ, ಅದನ್ನೇ ನಂಬಿಕೊಂಡು ಹೋಗಬೇಡಿ. ಆದರೆ ನಕ್ಷತ್ರ ನೋಡಲು ಹಾನ್ಲೆ ಸಾಕು. ಊರಿನವರು ರಾತ್ರಿ ದೀಪದ ಬೆಳಕು ಹೊರಗೆ ಬೀಳದ ಹಾಗೆ ಪರದೆ ಎಳೆಯುತ್ತಾರೆ. ಅಲ್ಲಿ 4,500 ಮೀಟರ್ ಎತ್ತರದಲ್ಲಿರುವ ದೊಡ್ಡ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ ಅನ್ನುವುದು ನನಗೆ ತುಂಬ ಖುಷಿ ಕೊಟ್ಟ ವಿಷಯ. ಲಡಾಖಿಗೆ ಹೋಗುವವರಿಗೆ ಒಂದೇ ಮಾತು: ಲೇಹ್ 3,500 ಮೀಟರ್, ಹೋದ ದಿನವೇ ಓಡಾಡಬೇಡಿ, ಎರಡು ದಿನ ಸುಮ್ಮನೆ ಮಲಗಿ. ನಮ್ಮ ನೆಂಟನೊಬ್ಬ, ದಿನಾ ಬೆಟ್ಟ ಹತ್ತುವವನು, ಜಂಬ ಮಾಡಿ ಮೊದಲ ದಿನವೇ ಬೈಕ್ ಹತ್ತಿ ಆಸ್ಪತ್ರೆ ಸೇರಿದ.

ಸ್ಕಾಟ್ಲೆಂಡ್? ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅಂತಾರಲ್ಲ.

ಅವರು ಅವರ ಊರನ್ನು ಬ್ರಿಟನ್ನಿನ ಕೊಡಗು ಅಂತ ಕರೆದ ದಿನ ಹೋಗ್ತೀನಿ.

ತೋಟ ಬಿಟ್ಟು ಹೋಗೋಕೆ ಸಮಯ ಯಾವಾಗ?

ಇದು ನಿಜವಾದ ಪ್ರಶ್ನೆ. ಹೋಂಸ್ಟೇಗೆ ಬಂದವರು ಇದನ್ನು ಕೇಳುವುದಿಲ್ಲ, ತೋಟದವರು ಮಾತ್ರ ಕೇಳುತ್ತಾರೆ.

ನವೆಂಬರ್‌ನಿಂದ ಜನವರಿ ಅರೇಬಿಕಾ. ಅದರ ಬೆನ್ನಿಗೇ ರೊಬಸ್ಟಾ, ಅದು ಮಾರ್ಚ್‌ವರೆಗೆ ಎಳೆಯುತ್ತದೆ. ಮಧ್ಯೆ ಮೆಣಸು ಕುಯ್ಯಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂದರೆ ಸ್ಪ್ರಿಂಕ್ಲರ್ ಪೈಪು ಹೊತ್ತು ರಾತ್ರಿ ಹಗಲು ಓಡಾಟ. ಏಪ್ರಿಲ್, ಮೇ ಮಕ್ಕಳ ರಜೆ, ಹೋಂಸ್ಟೇ ತುಂಬಿರುತ್ತದೆ. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯಲ್ಲಿ ತೀರ್ಥೋದ್ಭವ, ಮನೆ ತುಂಬ ನೆಂಟರು. ಆಮೇಲೆ ಪುತ್ತರಿ, ನಮ್ಮ ಸುಗ್ಗಿ ಹಬ್ಬ. ಉಳಿಯುವುದು ಜೂನ್, ಜುಲೈ, ಆಗಸ್ಟ್. ಹೊರಗೆ ಮಳೆ, ಅತಿಥಿಗಳು ಕಡಿಮೆ, ತೋಟದಲ್ಲಿ ಕೆಲಸ ನಿಂತಿರುತ್ತದೆ. ಆದರೆ 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ಮಳೆಗಾಲದಲ್ಲಿ ಮನೆ ಬಿಟ್ಟು ಹೋಗಲು ನಮ್ಮ ಕಡೆಯವರಿಗೆ ಧೈರ್ಯ ಬರುವುದಿಲ್ಲ. ಆ ವರ್ಷ ಲಡಾಖಿಗೆ ಅಂತ ಇಟ್ಟಿದ್ದ ದುಡ್ಡು ಮನೆ ಹಿಂದಿನ ಬರೆ, ಅಂದರೆ ಮಣ್ಣಿನ ದಿಬ್ಬ, ಕುಸಿದಾಗ ತಡೆಗೋಡೆಗೆ ಹೋಯ್ತು. ಗೋಡೆ ಚೆನ್ನಾಗಿದೆ, ಬಂದಾಗ ತೋರಿಸ್ತೀನಿ.

ದುಡ್ಡಿಗೆ ಏನು ಮಾಡ್ತೀರಾ?

ಕಾಫಿ ದುಡ್ಡು ಮನೆಗೆ, ಆಳಿಗೆ, ಬ್ಯಾಂಕಿಗೆ. ಮೆಣಸಿನ ದುಡ್ಡಿನಲ್ಲಿ ನಾಲ್ಕು ಮರದ ಬಳ್ಳಿ ನನ್ನದು ಅಂತ ಮೊದಲೇ ಮಾತಾಗಿದೆ. ಅದನ್ನು ತೆಗೆದು ಬೇರೆ ಖಾತೆಗೆ ಹಾಕುತ್ತೇನೆ. ಒಂದು ಸಲ ಟೂರ್ ಕಂಪನಿಯೊಂದಕ್ಕೆ, ಹೆಸರು ಬೇಡ ಬಿಡಿ, ಮುಂಗಡ ಕೊಟ್ಟು ಮೋಸ ಹೋದೆ. ಟೂರು ರದ್ದಾಯ್ತು, ದುಡ್ಡು ಅರ್ಧ ಮಾತ್ರ ವಾಪಸ್ ಬಂತು, ಅದೂ ಹದಿನಾಲ್ಕು ಫೋನ್ ಮಾಡಿದ ಮೇಲೆ. ರದ್ದಾದರೆ ಎಷ್ಟು ವಾಪಸ್ ಅನ್ನುವುದನ್ನು ಕಾಗದದಲ್ಲಿ ಬರೆಸಿಕೊಳ್ಳದೆ ಒಂದು ರೂಪಾಯಿಯೂ ಕೊಡಬೇಡಿ.

ಪಾಸ್‌ಪೋರ್ಟ್, ಲಸಿಕೆ, ವಿಮಾನ?

ಪಾಸ್‌ಪೋರ್ಟ್ ಮಾಡಿಸಿಡಿ, ಹೋಗುವ ಊರು ಗೊತ್ತಿಲ್ಲದಿದ್ದರೂ. ಅವಧಿ ಮುಗಿಯಲು ಆರು ತಿಂಗಳಾದರೂ ಬಾಕಿ ಇರಬೇಕು. ಇಥಿಯೋಪಿಯಾಕ್ಕೆ ಹೋಗುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ ಹತ್ತು ದಿನ ಮೊದಲೇ ಹಾಕಿಸಿಕೊಂಡಿರಬೇಕು. ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮವರೇ ಏರ್‌ಪೋರ್ಟಿನಿಂದ ಕ್ವಾರಂಟೈನಿಗೆ ಕಳಿಸಬಹುದು. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು. ವಿಮಾನಕ್ಕೆ ಎಲ್ಲರೂ ಬೆಂಗಳೂರು ಅನ್ನುತ್ತಾರೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು ವಿಮಾನ ನಿಲ್ದಾಣ ತುಂಬ ಹತ್ತಿರ, 2018ರ ಡಿಸೆಂಬರ್‌ನಿಂದ ಇದೆ.

ಏಳರಲ್ಲಿ ಆರು ಹೇಳಿದ್ರಿ. ಏಳನೇದು?

ಹೇಳಲು ನಾಚಿಕೆ. ಪೂಂಪುಹಾರ್.

ತಮಿಳುನಾಡಿನಲ್ಲಿ ಕಾವೇರಿ ಸಮುದ್ರ ಸೇರುವ ಊರು, ಹಿಂದೆ ಕಾವೇರಿಪೂಂಪಟ್ಟಿನಂ ಅಂತ ಚೋಳರ ದೊಡ್ಡ ಬಂದರು. ಕಾವೇರಿ ಹುಟ್ಟುವ ಜಾಗ ನಮ್ಮ ಮನೆಯಿಂದ ಜೀಪಿನಲ್ಲಿ ಮುಕ್ಕಾಲು ಗಂಟೆ. ದೇವರ ಕೋಣೆಯಲ್ಲಿ ಅವಳ ತೀರ್ಥದ ಬಾಟಲಿ ಇಲ್ಲದ ವರ್ಷವಿಲ್ಲ. ಆದರೆ ಸುಮಾರು 800 ಕಿಲೋಮೀಟರ್ ಹರಿದ ಮೇಲೆ ಅವಳು ಎಲ್ಲಿಗೆ ಹೋಗಿ ಸೇರುತ್ತಾಳೆ ಅಂತ ನಾನು ನೋಡಿಲ್ಲ. ಇಥಿಯೋಪಿಯಾದ ಬಗ್ಗೆ ಇಷ್ಟೆಲ್ಲ ಹೇಳುವವಳು! ನಾನು ನೋಡಿದ್ದು ಕೆಆರ್‌ಎಸ್‌ವರೆಗೆ, ಜಾಸ್ತಿ ಅಂದರೆ ಶಿವನಸಮುದ್ರ.

ಅಲ್ಲಿ ಹೋಗಿ ಬಂದ ದೊಡ್ಡಪ್ಪ ಒಬ್ಬರು, "ಏನಿಲ್ಲ ಮಗ, ಒಂದು ಕಾಲುವೆ ಥರ ಇದೆ" ಅಂದಿದ್ದರು. ಸುಳ್ಳಲ್ಲ. ತಿರುಚ್ಚಿಯ ಹತ್ತಿರ ನದಿ ಒಡೆದು ದೊಡ್ಡ ಪಾಲು ನೆರೆಯ ನೀರು ಕೊಳ್ಳಿಡಂ ಅನ್ನುವ ಕವಲಿಗೆ ಹೋಗುತ್ತದೆ, ಮಿಕ್ಕಿದ್ದು ತಂಜಾವೂರಿನ ಗದ್ದೆಗಳಿಗೆ ಹಂಚಿಹೋಗುತ್ತದೆ. ಕಾವೇರಿ ಅನ್ನುವ ಹೆಸರು ಇಟ್ಟುಕೊಂಡು ಸಮುದ್ರ ಮುಟ್ಟುವುದು ಸಣ್ಣ ಹೊಳೆ. ತಲಕಾವೇರಿಯಲ್ಲಿ ಸಣ್ಣ ಕುಂಡಿಕೆ, ಕೊನೆಯಲ್ಲೂ ಸಣ್ಣದೇ. ದೊಡ್ಡಪ್ಪನಿಗೆ ಅದು ನಿರಾಸೆ. ನನಗೆ ಅದನ್ನೇ ನೋಡಬೇಕು.

ಯಾವಾಗ ಹೋಗ್ತೀರಾ, ಹೇಗೆ?

ನಮಗೆ ತುಲಾ ಸಂಕ್ರಮಣ ಇರುವ ಹಾಗೆ ಅವರಿಗೆ ಆಡಿ ಪೆರುಕ್ಕು. ಆಡಿ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 2 ಅಥವಾ 3. ಹೊಳೆಯಲ್ಲಿ ಹೊಸ ನೀರು ಬಂತು ಅಂತ ಹೆಂಗಸರೆಲ್ಲ ಚಿತ್ರಾನ್ನ ಕಟ್ಟಿಕೊಂಡು ದಂಡೆಗೆ ಹೋಗಿ ಪೂಜೆ ಮಾಡುತ್ತಾರೆ. ಆ ಹೊಸ ನೀರಿನಲ್ಲಿ ನಮ್ಮ ಜೂನ್, ಜುಲೈ ಮಳೆಯ ಪಾಲೂ ಇದೆ. ನಾನು ಪುಸ್ತಕದಲ್ಲಿ ಇಂಚು ಸೆಂಟ್ ಅಂತ ಬರೆದಿಟ್ಟಿದ್ದು. ಸಮಯವೂ ಸರಿ, ತೋಟದಲ್ಲಿ ಕೆಲಸ ಇರುವುದಿಲ್ಲ. ಮೈಸೂರಿನಿಂದ ಮಯಿಲಾಡುತುರೈಗೆ ನೇರ ರೈಲು ಇದೆ, ರಾತ್ರಿ ಕಳೆದರೆ ಊರು, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಬರೆಯ ಚಿಂತೆಗೆ ಮಗಳು ಆ ವಾರ ಮನೆಯಲ್ಲಿರುತ್ತೇನೆ ಅಂದಿದ್ದಾಳೆ, ಮಳೆ ಅಳೆಯುವುದನ್ನೂ ಕಲಿಸಿಕೊಟ್ಟಿದ್ದೇನೆ. ತೀರ್ಥದ ಬಾಟಲಿ ತೆಗೆದುಕೊಂಡು ಹೋಗಿ ಸಮುದ್ರಕ್ಕೆ ಬಿಡೋಣ ಅಂದೆ. ನಮ್ಮೆಜಮಾನರು ಪೇಪರಿನಿಂದ ತಲೆ ಎತ್ತದೆ, "ಅದು ತಾನೇ ಹೋಗ್ತಿದೆಯಲ್ಲ, ನೀನ್ಯಾಕೆ ಹೊತ್ಕೊಂಡು ಹೋಗ್ತೀಯ" ಅಂದರು. ಆದರೂ ಟಿಕೆಟ್ ಎರಡು ಮಾಡಿಸು ಅಂದಿದ್ದಾರೆ. ಆಗಸ್ಟ್ ಮೊದಲ ವಾರ ಹೋಂಸ್ಟೇ ಮುಚ್ಚಿರುತ್ತದೆ, ದಯವಿಟ್ಟು ಆ ವಾರ ಬುಕ್ ಮಾಡಬೇಡಿ.